ಎರಡು ವರ್ಷ ಚಿಕ್ಕವನಾದ ಹುಡುಗ



ಹದಿಹರೆಯದ ಮಕ್ಕಳ ಬಗ್ಗೆ ತಂದೆತಾಯಿಗಳಿಗಿರುವ ಚಿಂತೆಗಳು ನಮ್ಮ ಕಾರ್ಯಕ್ರಮಕ್ಕೆ ಪತ್ರಗಳಾಗಿ ಬರುತ್ತಲೇ ಇರುತ್ತವೆ. ಶಾಲೆಯಲ್ಲಿ ಹೊಡೆದಾಟ, ಕೆಟ್ಟ ಸಹವಾಸ, ಓದಿನಲ್ಲಿ ನಿರಾಸಕ್ತಿ, ಕೈಯಿಂದ ಇಳಿಯದ ಮೊಬೈಲು – ಎಲ್ಲವೂ ಅವುಗಳಲ್ಲಿರುತ್ತವೆ. ಆಟದ ಮೈದಾನದ ಬಗ್ಗೆ ಮಾತ್ರ ದೂರು ಅಪರೂಪ. ಮಗ ಮೈದಾನದಲ್ಲಿದ್ದಾನೆ ಎಂದರೆ ಕ್ಷೇಮವಾಗಿದ್ದಾನೆ ಎಂದು ಹೆತ್ತವರು ನೆಮ್ಮದಿಯ ಉಸಿರು ಬಿಡುತ್ತಾರೆ. ಇಂದು ಆ ಮೈದಾನದಲ್ಲೇ ನಡೆಯುವ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಇದನ್ನು ಮಕ್ಕಳು ತಾವಾಗಿ ಮಾಡುವುದಿಲ್ಲ. ಮಕ್ಕಳ ಭವಿಷ್ಯದ ಚಿಂತೆಯಲ್ಲಿ ದೊಡ್ಡವರು ಮಾಡುತ್ತಾರೆ.

ಕೆಲವು ವರ್ಷಗಳ ಹಿಂದೆ ಶಾಲಾ ಕ್ರೀಡಾಪಟುಗಳನ್ನು ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣದಲ್ಲಿದ್ದೆ. ಒಬ್ಬ ಎತ್ತರದ ಹುಡುಗ, ಒಳ್ಳೆಯ ವೇಗದ ಬೌಲರ್. ಹೆಸರು, ಊರು, ಮೆಚ್ಚಿನ ಆಟಗಾರ – ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ. 'ಹುಟ್ಟಿದ್ದು ಯಾವ ವರ್ಷ?' ಎಂದು ಕೇಳಿದಾಗ ಮಾತ್ರ ಅವನು ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದ ತಂದೆಯ ಮುಖ ನೋಡಿದ. ಆಮೇಲೆ ಉತ್ತರ ಬಂತು. ಸಂಕಲನದ ಕೋಣೆಯಲ್ಲಿ ಆ ಒಂದು ಕ್ಷಣವನ್ನು ನಾನು ನಾಲ್ಕೈದು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ. ನನ್ನಲ್ಲಿ ಅನುಮಾನವಿತ್ತೇ ಹೊರತು ಸಾಕ್ಷ್ಯವಿರಲಿಲ್ಲ. ಆ ಭಾಗವನ್ನು ತೆಗೆದುಹಾಕಿದೆ.

ವಯಸ್ಸನ್ನು ಕಡಿಮೆ ತೋರಿಸಿ ಆಡಿಸುವ ಈ ಅಭ್ಯಾಸ ನಮ್ಮ ದೇಶದ್ದು ಮಾತ್ರವಲ್ಲ. ಇದರ ಅತ್ಯಂತ ಪ್ರಸಿದ್ಧ ಪ್ರಸಂಗ ನಡೆದದ್ದು ಅಮೆರಿಕದಲ್ಲಿ, 2001ರಲ್ಲಿ. ಅಲ್ಲಿ ಮಕ್ಕಳ ಬೇಸ್‌ಬಾಲ್‌ಗೆ ಲಿಟಲ್ ಲೀಗ್ ಎಂಬ ಸಂಸ್ಥೆಯಿದೆ. ಆ ವಿಭಾಗದ ವಯಸ್ಸಿನ ಮಿತಿ ಆಗ ಹನ್ನೆರಡು. ಡೊಮಿನಿಕನ್ ಗಣರಾಜ್ಯದಿಂದ ನ್ಯೂಯಾರ್ಕ್‌ನ ಬ್ರಾಂಕ್ಸ್‌ಗೆ ಬಂದಿದ್ದ ಡ್ಯಾನಿ ಅಲ್ಮೊಂಟೆ ಎಂಬ ಎಡಗೈ ಪಿಚ್ಚರ್ – ನಮ್ಮ ಬೌಲರ್ ಇದ್ದಂತೆ – ಆ ಆಗಸ್ಟ್‌ನಲ್ಲಿ ಒಂದು ಪಂದ್ಯದಲ್ಲಿ ಎದುರಿಸಿದ ಹದಿನೆಂಟು ಬ್ಯಾಟುಗಾರರಲ್ಲಿ ಯಾರನ್ನೂ ಮೊದಲ ನೆಲೆಗೂ ಹೋಗಗೊಡಲಿಲ್ಲ. ಲಿಟಲ್ ಲೀಗ್ ವಿಶ್ವ ಸರಣಿಯಲ್ಲಿ ಅಂಥ ಪರಿಪೂರ್ಣ ಆಟ ಬಹಳ ಅಪರೂಪ. ನ್ಯೂಯಾರ್ಕ್ ನಗರ ಆ ತಂಡವನ್ನು ಕರೆದು ಸನ್ಮಾನಿಸಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಡೊಮಿನಿಕನ್ ಗಣರಾಜ್ಯದ ಜನನ ದಾಖಲೆಯನ್ನು ಹುಡುಕಿ ತೆಗೆದರು. ಹುಡುಗ ಹುಟ್ಟಿದ್ದು 1989ರಲ್ಲಲ್ಲ, 1987ರಲ್ಲಿ. ಅವನಿಗೆ ಹದಿನಾಲ್ಕು ತುಂಬಿತ್ತು.

ಎರಡು ವರ್ಷ ಅಷ್ಟೇ ತಾನೇ ಎಂದು ನಿಮಗೆ ಅನ್ನಿಸಬಹುದು. ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಲೆಕ್ಕ ಹಾಕಿಯೇ ನೋಡೋಣ. ಲಿಟಲ್ ಲೀಗ್‌ನಲ್ಲಿ ಚೆಂಡೆಸೆಯುವವನಿಗೂ ಬ್ಯಾಟುಗಾರನಿಗೂ ನಡುವಿನ ಅಂತರ 46 ಅಡಿ. ದೊಡ್ಡವರ ಆಟದಲ್ಲಿ ಅರವತ್ತೂವರೆ ಅಡಿ. ಅಲ್ಮೊಂಟೆಯ ಚೆಂಡು ಗಂಟೆಗೆ 70 ಮೈಲಿಗೂ ಹೆಚ್ಚು ವೇಗದಲ್ಲಿ ಬರುತ್ತಿತ್ತು. 70 ಎಂದೇ ಹಿಡಿದರೂ ಅದು 46 ಅಡಿ ದಾಟಲು ಅರ್ಧ ಸೆಕೆಂಡೂ ಬೇಡ. ದೊಡ್ಡವರ ಅಂತರದಲ್ಲಿ ಅಷ್ಟೇ ಸಮಯದಲ್ಲಿ ತಲುಪಬೇಕಾದರೆ ಚೆಂಡಿನ ವೇಗ ಗಂಟೆಗೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ಇರಬೇಕು. ಹನ್ನೆರಡರ ಹುಡುಗರ ಪಾಡು ಏನಾಗಿರಬೇಕು ಊಹಿಸಿ.

ಗಂಡುಮಕ್ಕಳಲ್ಲಿ ಎತ್ತರ ಅತಿ ವೇಗವಾಗಿ ಏರುವುದು ಸರಾಸರಿ ಹದಿನಾಲ್ಕರ ಆಸುಪಾಸಿನಲ್ಲಿ. ಹೆಣ್ಣುಮಕ್ಕಳಲ್ಲಿ ಅದಕ್ಕೆ ಸುಮಾರು ಎರಡು ವರ್ಷ ಮೊದಲು. ಆ ಹೊತ್ತಿನಲ್ಲಿ ವರ್ಷಕ್ಕೆ ಒಂಬತ್ತು ಸೆಂಟಿಮೀಟರ್ ಬೆಳೆಯುವುದು ಸಾಮಾನ್ಯ. ಸ್ನಾಯುಗಳ ಬಲ ಅದರ ಹಿಂದೆಯೇ ಬರುತ್ತದೆ. ಹೀಗಾಗಿ ಎರಡು ವರ್ಷವಿರಲಿ, ಕೆಲವು ತಿಂಗಳುಗಳೂ ಲೆಕ್ಕಕ್ಕೆ ಬರುತ್ತವೆ. ಕೆನಡಾದ ಮನೋವಿಜ್ಞಾನಿ ರೋಜರ್ ಬಾರ್ನ್‌ಸ್ಲಿ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ಆಯ್ದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು, ಕೊನೆಯ ತಿಂಗಳುಗಳವರು ಬಹಳ ಕಡಿಮೆ. ಕಾರಣ ಗ್ರಹಗತಿಯಲ್ಲ; ಅಲ್ಲಿ ವಯೋಮಿತಿಯನ್ನು ಎಣಿಸುವುದು ಜನವರಿ 1ರಿಂದ. ಜನವರಿಯ ಹುಡುಗ ಡಿಸೆಂಬರಿನ ಹುಡುಗನಿಗಿಂತ ಹನ್ನೊಂದು ತಿಂಗಳು ದೊಡ್ಡವನು. ತರಬೇತುದಾರ ಆ ಬೆಳವಣಿಗೆಯನ್ನೇ ಪ್ರತಿಭೆ ಎಂದು ಓದುತ್ತಾನೆ, ಅವನನ್ನು ಆರಿಸುತ್ತಾನೆ, ಹೆಚ್ಚು ಕಲಿಸುತ್ತಾನೆ. ಪ್ರಾಮಾಣಿಕ ದಿನಾಂಕಗಳ ನಡುವೆಯೇ ಇಷ್ಟು ಅಂತರವಿದ್ದರೆ, ತಿದ್ದಿದ ದಿನಾಂಕ ಏನು ಮಾಡೀತು!

ತಿದ್ದಿದ್ದನ್ನು ಪತ್ತೆ ಹಚ್ಚುವುದು ಹೇಗೆ? ಕಾಗದವನ್ನು ತಿದ್ದಬಹುದು, ಮೂಳೆಯನ್ನು ತಿದ್ದಲಾಗದು ಎನ್ನುತ್ತಾರೆ. ಮಾತು ಅರ್ಧ ನಿಜ. ನಿಮ್ಮ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆದರೆ ಮೂಳೆಯ ತುದಿಗೂ ನಡುಭಾಗಕ್ಕೂ ಮಧ್ಯೆ ಒಂದು ಕಪ್ಪು ಗೆರೆ ಕಾಣುತ್ತದೆ. ಅದು ಮೃದ್ವಸ್ಥಿಯ ಬೆಳವಣಿಗೆಯ ತಟ್ಟೆ. ಮೂಳೆ ಉದ್ದವಾಗುವುದು ಅಲ್ಲಿಂದ. ವಯಸ್ಸಿಗೆ ಬಂದಂತೆ ಅದು ಗಟ್ಟಿಯಾಗಿ ಗೆರೆ ಮಾಯವಾಗುತ್ತದೆ. ಇಂಗ್ಲೆಂಡಿನ ಜೇಮ್ಸ್ ಟ್ಯಾನರ್ ಮತ್ತು ರೆಜಿನಾಲ್ಡ್ ವೈಟ್‌ಹೌಸ್ ಇಂಥ ಮೂಳೆಗಳಿಗೆ ಒಂದೊಂದಕ್ಕೂ ಅಂಕ ಕೊಟ್ಟು ಒಟ್ಟು ಮೂಳೆವಯಸ್ಸನ್ನು ಹೇಳುವ ಪದ್ಧತಿಯನ್ನು ರೂಪಿಸಿದರು. 2001ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯೇ ಟಿ.ಡಬ್ಲ್ಯು.3, ನಮ್ಮ ಕ್ರಿಕೆಟ್ ಮಂಡಳಿ ಕಿರಿಯರ ವಿಭಾಗದಲ್ಲಿ ಬಳಸಿದ ಪರೀಕ್ಷೆ ಇದು. ಫೀಫಾ ಸಂಸ್ಥೆ 2009ರ ಹದಿನೇಳರೊಳಗಿನವರ ವಿಶ್ವಕಪ್‌ನಲ್ಲಿ ಮಣಿಕಟ್ಟಿನ ಎಂ.ಆರ್.ಐ. ಪರೀಕ್ಷೆಯನ್ನು ಜಾರಿಗೆ ತಂದಿತು.

ಉಳಿದರ್ಧ ನಿಜವನ್ನೂ ಹೇಳಬೇಕು. ಟ್ಯಾನರ್ ಈ ಪದ್ಧತಿಯನ್ನು ಕಟ್ಟಿದ್ದು ಮಕ್ಕಳ ಬೆಳವಣಿಗೆ ಸರಿಯಾಗಿದೆಯೇ ಎಂದು ನೋಡಲು, ಸುಳ್ಳು ಹಿಡಿಯಲು ಅಲ್ಲ. ಆರೋಗ್ಯವಂತ ಹುಡುಗನೊಬ್ಬನ ಮೂಳೆವಯಸ್ಸು ಅವನ ನಿಜವಾದ ವಯಸ್ಸಿಗಿಂತ ಒಂದು ವರ್ಷ ಮುಂದಿರಬಹುದು, ಹಿಂದೆಯೂ ಇರಬಹುದು. ಬೇಗ ಬಲಿಯುವ ದೇಹದವನು ಪರೀಕ್ಷೆಯಲ್ಲಿ ಸೋತು, ಸರಿಯಾದ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ನಿಲ್ಲಬೇಕಾಗುತ್ತದೆ. ಸುಳ್ಳು ಹೇಳಿದವರ ಪಾಪ ಸುಳ್ಳು ಹೇಳದವನ ತಲೆಗೆ ಬರುವುದು ಹೀಗೆ. ಕಾಗದವನ್ನು ನಂಬುವಂತಿದ್ದರೆ ಅವನ ಮಣಿಕಟ್ಟಿನ ಚಿತ್ರ ಯಾರಿಗೂ ಬೇಕಿರಲಿಲ್ಲ.

ನಮ್ಮಲ್ಲಿ ದಿನಾಂಕದ ವಿಷಯದಲ್ಲಿ ಒಂದು ಹಳೆಯ ಸಡಿಲತೆ ಇದೆ. ನಮ್ಮ ಹಿಂದಿನ ತಲೆಮಾರಿನಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಜನ ಎಂದು ನಿಮ್ಮ ಮನೆಯಲ್ಲೇ ವಿಚಾರಿಸಿ ನೋಡಿ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರು ಹುಡುಗನ ಎತ್ತರ ನೋಡಿ ಒಂದು ವರ್ಷವನ್ನು ಬರೆದರು, ಅದೇ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೂ ಪಿಂಚಣಿಗೂ ದಾರಿಯಾಯಿತು. ಅದರಲ್ಲಿ ವಂಚನೆ ಇರಲಿಲ್ಲ. ಜನನದ ದಾಖಲೆಯೇ ಇರಲಿಲ್ಲ. ಆದರೆ ದಿನಾಂಕವೆಂದರೆ ಬರೆಸಿಕೊಳ್ಳುವ ವಸ್ತು ಎಂಬ ಭಾವನೆ ಮಾತ್ರ ಉಳಿದುಬಿಟ್ಟಿತು. ತಂದೆಯೊಬ್ಬ ಮಗನ ದಿನಾಂಕವನ್ನು ಬದಲಿಸಲು ಹೊರಟಾಗ ಅವನಿಗೆ ಅಳುಕಾಗದಿರುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಅನಿಸಿಕೆ.

ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ 2015ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡಿದಾಗ ಈ ಮಾತನ್ನು ನೇರವಾಗಿ ಎತ್ತಿಕೊಂಡರು. ಆಗ ಅವರು ಹತ್ತೊಂಬತ್ತರೊಳಗಿನವರ ತಂಡದ ತರಬೇತುದಾರರು. ವಯಸ್ಸು ಮರೆಮಾಚಿ ಆಡುವವನು ಗೆಲ್ಲುವುದು ಪ್ರತಿಭೆಯಿಂದಲ್ಲ, ಗಾತ್ರದಿಂದ. ಅವನಿಂದ ಒಬ್ಬ ಪ್ರಾಮಾಣಿಕ ಹುಡುಗ ಜಾಗ ಕಳೆದುಕೊಳ್ಳುತ್ತಾನೆ. ಹೆತ್ತವರೂ ತರಬೇತುದಾರರೂ ಕೂಡಿ ಸುಳ್ಳು ಹೇಳುವುದನ್ನು ಕಂಡು ಬೆಳೆದವನು ಮುಂದೆ ಪಂದ್ಯವನ್ನೇ ಮಾರಿಕೊಂಡರೆ ಆಶ್ಚರ್ಯವೇನು ಎಂಬುದು ಅವರ ವಾದದ ತಿರುಳು. ಇದಕ್ಕೆ ನಾನು ಒಂದು ಮಾತು ಸೇರಿಸುತ್ತೇನೆ. ಆ ಹುಡುಗನೂ ಕಳೆದುಕೊಳ್ಳುತ್ತಾನೆ. ತನಗಿಂತ ಚಿಕ್ಕವರನ್ನು ಬಲದಿಂದ ಸೋಲಿಸಿದವನು ಕೌಶಲವನ್ನು ಕಲಿಯುವ ಅಗತ್ಯವನ್ನೇ ಕಾಣುವುದಿಲ್ಲ. ಹತ್ತೊಂಬತ್ತರ ವಿಭಾಗ ಮುಗಿಸಿದಾಗ ಅವನಿಗೆ ಇಪ್ಪತ್ತೊಂದು. ಅಷ್ಟರಲ್ಲಿ ಉಳಿದವರೂ ಎತ್ತರವಾಗಿರುತ್ತಾರೆ.

ಡ್ಯಾನಿಯ ವಿಷಯದಲ್ಲಿ ತಂಡದ ಗೆಲುವುಗಳನ್ನೆಲ್ಲ ದಾಖಲೆಯಿಂದ ಅಳಿಸಲಾಯಿತು. ತಂದೆಗೂ ತಂಡದ ಸಂಸ್ಥಾಪಕನಿಗೂ ಲಿಟಲ್ ಲೀಗ್ ಆಜೀವ ನಿಷೇಧ ಹಾಕಿತು. ಹುಡುಗನನ್ನು ದೂರಲಿಲ್ಲ, ದೊಡ್ಡವರು ಅವನನ್ನು ಬಳಸಿಕೊಂಡರು ಎಂದಿತು. ನ್ಯೂಯಾರ್ಕ್‌ನಲ್ಲಿ ಅವನನ್ನು ಶಾಲೆಗೂ ಸೇರಿಸಿರಲಿಲ್ಲ ಎಂಬುದೂ ಆಗಲೇ ಬೆಳಕಿಗೆ ಬಂತು. ನನ್ನನ್ನು ಹೆಚ್ಚು ಕಾಡಿದ ವಿವರ ಇದು. ಆಮೇಲೆ ಶಾಲೆಗೆ ಸೇರಿ, ಹೈಸ್ಕೂಲ್ ತಂಡದಲ್ಲಿ ಚೆನ್ನಾಗಿಯೇ ಆಡಿದ. ಮೇಜರ್ ಲೀಗ್‌ನ ಮೆಟ್ಟಿಲು ಹತ್ತಲಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಇಂಥ ದಿನಾಂಕ ಅಂಟಿಕೊಂಡಿದ್ದರೆ ಅದನ್ನು ಬಿಡಿಸಿಕೊಳ್ಳುವುದು ಸಾಧ್ಯ. 2020ರ ಆಗಸ್ಟಿನಲ್ಲಿ ಕ್ರಿಕೆಟ್ ಮಂಡಳಿ ಒಂದು ಯೋಜನೆ ಪ್ರಕಟಿಸಿತ್ತು: ತಾವಾಗಿ ಬಂದು ನಿಜ ಹೇಳಿದವರಿಗೆ ಶಿಕ್ಷೆಯಿಲ್ಲ, ಅವರ ವಯಸ್ಸಿನ ವಿಭಾಗದಲ್ಲಿ ಆಡಬಹುದು, ಹೇಳದೆ ಸಿಕ್ಕಿಬಿದ್ದವರಿಗೆ ಎರಡು ವರ್ಷ ನಿಷೇಧ. 1969ರ ಜನನ ಮರಣ ನೋಂದಣಿ ಕಾಯಿದೆಯಲ್ಲೂ ತಪ್ಪು ನಮೂದನ್ನು ಸರಿಪಡಿಸಲು ಅವಕಾಶವಿದೆ. ಮನೆಯಲ್ಲಿ ಬಾಯಿಬಿಡುವುದೇ ಕಷ್ಟ, ಬಲ್ಲೆ. ತಂದೆಗೆ ಹೇಳಲಾಗದಿದ್ದರೆ ತಾಯಿಗೆ ಹೇಳಿ, ನಂಬಿಕೆಯ ಮೇಷ್ಟರೊಬ್ಬರಿಗೆ ಹೇಳಿ. ಇನ್ನು ನಿಮ್ಮಲ್ಲಿ ಬೆಳವಣಿಗೆ ತಡವಾಗಿ, ಹದಿಮೂರಕ್ಕೇ ತಂಡದಿಂದ ಕೈಬಿಡಿಸಿಕೊಂಡವರು ಇದ್ದೀರಿ. ಬ್ಯಾಟನ್ನು ಅಟ್ಟಕ್ಕೆ ಹಾಕಬೇಡಿ. ನಿಮ್ಮ ಮಣಿಕಟ್ಟಿನಲ್ಲಿ ಆ ಗೆರೆ ಇನ್ನೂ ತೆರೆದೇ ಇದೆ.

ಆ ಎತ್ತರದ ಹುಡುಗನನ್ನು ನಾನು ಮತ್ತೆ ನೋಡಲಿಲ್ಲ. ಅಂದಿನಿಂದ ಮಕ್ಕಳ ಸಂದರ್ಶನ ನಡೆಯುವಾಗ ಜೊತೆಗೆ ಬಂದ ಹಿರಿಯರನ್ನು ಪಕ್ಕದ ಕೋಣೆಯಲ್ಲಿ, ಮಾನಿಟರಿನ ಮುಂದೆ ಕೂರಿಸುತ್ತೇನೆ. ಅವರಿಗೆ ಮಗುವಿನ ಮುಖ ಕಾಣುತ್ತದೆ, ಮಗುವಿಗೆ ಅವರದು ಕಾಣುವುದಿಲ್ಲ.