ಟ್ರ್ಯಾಕ್ಟರ್ ಜೊತೆ ಬಂದ ಪಾನಾ

ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ದಿನಾ ಕೋಡ್ ಬರೆಯೋ ಕೆಲಸ. ಇವತ್ತು ಮಾತಾಡೋದು ಮಾತ್ರ ಒಂದು ಪಾನಾ ಬಗ್ಗೆ. ಬೆಂಗಳೂರು ಕಡೆಯವರು ಅದಕ್ಕೆ ಸ್ಪ್ಯಾನರ್ ಅಂತೀರಿ.

ರಾಣೆಬೆನ್ನೂರು ಹತ್ತಿರದ ನಮ್ಮೂರಲ್ಲಿ ಅಪ್ಪನ ಹತ್ರ ಹಳೇ ಎಚ್‌ಎಂಟಿ 2511 ಇತ್ತು. ಎಚ್‌ಎಂಟಿ ಅಂದ್ರೆ ನಮಗೆಲ್ಲ ಕೈಗಡಿಯಾರ ನೆನಪಾಗುತ್ತೆ. 1953ರಲ್ಲಿ ಬೆಂಗಳೂರಲ್ಲಿ ಶುರುವಾದ ಅದೇ ಕಂಪನಿ 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ 25 ಎಚ್‌ಪಿ ಟ್ರ್ಯಾಕ್ಟರ್ ಮಾಡೋಕೆ ಶುರುಮಾಡಿತು. ಚೆಕೊಸ್ಲೊವಾಕಿಯಾದ ಝೆಟರ್ ವಿನ್ಯಾಸ. ಹಾಗಾಗಿ ನಟ್ಟು, ಬೋಲ್ಟು ಎಲ್ಲ ಮಿಲಿಮೀಟರ್ ಲೆಕ್ಕ. ಆ ಘಟಕ ಮುಚ್ಚೋ ನಿರ್ಧಾರ 2016ರಲ್ಲಿ ಆಯ್ತು.

ಅಪ್ಪ ಅದನ್ನ ಸೆಕೆಂಡ್ ಹ್ಯಾಂಡ್ ತಗೊಂಡಾಗ ಮೊದಲ ಮಾಲೀಕರು ಒಂದು ಗಂಟೂ ಕೊಟ್ಟಿದ್ರು. ಅದರಲ್ಲಿ ಎರಡು ಬಾಯಿಯ ಪಾನಾಗಳು, ಸ್ಕ್ರೂ ಡ್ರೈವರ್, ಗ್ರೀಸ್ ಗನ್. ಹಳೇ ಧೋತ್ರದ ತುಂಡಿನಲ್ಲಿ ಸುತ್ತಿ ಇಟ್ಟಿದ್ರು. "ಟ್ರ್ಯಾಕ್ಟರ್ ಕೇಳಿದ್ರ ಕೊಟ್ಟೇನು, ಪಾನಾ ಕೊಡೂದಿಲ್ಲ" ಅಂತಿದ್ರು ಅಪ್ಪ. ಹನ್ನೆರಡನೇ ವಯಸ್ಸಲ್ಲಿ ಸೈಕಲ್ ಬಿಚ್ಚೋಕೆ ಹೋಗಿ ಅದರ 19ರ ಪಾನಾ ಬದುವಿನ ಮೇಲೆ ಬಿಟ್ಟು ಬಂದವನು ನಾನು. ಮತ್ತೆ ಸಿಗಲಿಲ್ಲ. ಅಪ್ಪ ಬೈಯಲಿಲ್ಲ, ಗಂಟು ಬಿಚ್ಚಿ ಸುಮ್ಮನೆ ಕಟ್ಟಿದ್ರು.

ಇಲ್ಲಿ ಮಂಗಳವಾರ ಪೇಟೆ ಕಡೆ ಜುನಾ ಬಜಾರ್ ಗೊತ್ತಲ್ವಾ, ಬುಧವಾರ, ಭಾನುವಾರ ಸೇರೋದು. ಅಲ್ಲಿ ಗುಜರಿ ರಾಶಿಯಲ್ಲಿ 3/4 ಅಂತ ಒತ್ತಿದ್ದ ಹಳೇ ಪಾನಾ ಸಿಕ್ತು. ವಿಡಿಯೊ ಕಾಲ್ ಮಾಡಿ ತೋರಿಸಿದೆ. ಏಳನೇ ಕ್ಲಾಸ್ ಓದಿದ ಅಪ್ಪ ತಕ್ಷಣ ಅಂದ್ರು: "ಮುಕ್ಕಾಲು ಇಂಚು 19ಕ್ಕ ಕೂಡ್ತದ. ಅರ್ಧ ಇಂಚಿಂದು ತರಬ್ಯಾಡ, 13ರ ನಟ್ಟಿಗೆ ಹೋಗಂಗಿಲ್ಲ." ಎಂಟೆಕ್ ಮಾಡಿದ ನಾನು ಫೋನಲ್ಲಿ ಲೆಕ್ಕ ಹಾಕಿದೆ. 19.05 ಮತ್ತು 12.7. ಸರಿಯಾಗೇ ಇತ್ತು.

ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಫರ್ಗುಸನ್ ಟಿಇ20 ಇನ್ನೂ ಮುಂದೆ ಹೋಗಿತ್ತು. ಐದು ಲಕ್ಷಕ್ಕೂ ಹೆಚ್ಚು ಮಾಡಿದ ಆ ಟ್ರ್ಯಾಕ್ಟರ್ ಜೊತೆ ಒಂದು ಚಪ್ಪಟೆ ಪಾನಾ ಬರ್ತಿತ್ತು. ಟ್ರ್ಯಾಕ್ಟರ್, ನೇಗಿಲು ಎರಡರ ಮಾಮೂಲಿ ಹೊಂದಾಣಿಕೆಗಳಿಗೂ ಅದೊಂದೇ ಸಾಕು. ಮೈಮೇಲೆ ಇಂಚಿನ ಗೆರೆಗಳಿದ್ದು ಅಳತೆಪಟ್ಟಿಯೂ ಅದೇ. ಅಂದ್ರೆ ವಿನ್ಯಾಸ ಮಾಡಿದವರು ಹೊಲದಲ್ಲಿ ಒಬ್ಬನೇ ನಿಂತ ರೈತನನ್ನ ಮೊದಲೇ ಕಣ್ಣಮುಂದೆ ತಂದುಕೊಂಡಿದ್ರು.

ಹೋದ ಮುಂಗಾರಲ್ಲಿ ತಮ್ಮನ ಹೊಸ ಟ್ರ್ಯಾಕ್ಟರ್ ಬಿತ್ತನೆ ಹೊತ್ತಲ್ಲಿ ನಿಂತಿತು. ಅದಕ್ಕೂ ಪಾನಾ, ಟಾಪ್ ಲಿಂಕ್, ಹುಕ್ ಎಲ್ಲ ಕೊಟ್ಟಿದ್ರು. ಪರದೆ ಮೇಲೆ ಒಂದು ನಂಬರ್, ಕೆಳಗೆ "ಸರ್ವಿಸ್ ಸೆಂಟರ್ ಸಂಪರ್ಕಿಸಿ". ಎರಡು ದಿನ ಕಾದ ಮೇಲೆ ಒಬ್ಬ ಹುಡುಗ ಲ್ಯಾಪ್‌ಟಾಪ್ ತಂದ. ಸೆನ್ಸರ್‌ನ ಕನೆಕ್ಟರ್ ಸಡಿಲ ಆಗಿತ್ತು. ಹತ್ತು ನಿಮಿಷದ ಕೆಲಸ. ಹೊಲದ ಹಸಿ ಮಾತ್ರ ಆರಿತ್ತು. ತಮ್ಮ ಫೋನಲ್ಲಿ ಕೇಳಿದ: "ಅಣ್ಣಾ, ಇಂಥಾವೆಲ್ಲ ಯಾರು ಬರೀತಾರ?"

ನಾನು ಉತ್ತರ ಕೊಡಲಿಲ್ಲ. ಯಾಕಂದ್ರೆ ಕೆಲವು ತಿಂಗಳ ಹಿಂದೆ, ಬೇರೆ ಥರದ ಯಂತ್ರದ ಸಾಫ್ಟ್‌ವೇರ್‌ನಲ್ಲಿ, ದೋಷದ ವಿವರವನ್ನ ಡೀಲರ್ ಲಾಗಿನ್ ಹಿಂದೆ ಬಚ್ಚಿಟ್ಟವನು ನಾನೇ. "ಯೂಸರ್ ಗೊಂದಲ ಆಗ್ತಾನೆ" ಅಂತ ಕಾಮೆಂಟ್ ಕೂಡ ಬರೆದಿದ್ದೆ.

ಸುರಕ್ಷತೆ, ಹೊಗೆ ನಿಯಮ ಇವೆ, ಎಲ್ಲ ಸೆಟ್ಟಿಂಗ್ ತೆರೆದಿಡೋಕಾಗಲ್ಲ. ಒಪ್ತೀನಿ. ಆದರೆ ಬದಲಾಯಿಸೋದು ಬೇರೆ, ಏನು ಕೆಟ್ಟಿದೆ ಅಂತ ಓದೋದು ಬೇರೆ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಕೃಷಿ ಉಪಕರಣಗಳೂ ಪಟ್ಟಿಯಲ್ಲಿದ್ದವು. ಅಮೆರಿಕದ ಕೊಲೊರಾಡೊ 2023ರಲ್ಲಿ ಇದಕ್ಕೇ ಕಾನೂನು ತಂತು. ಕಾನೂನು ಬರೋವರೆಗೂ ನಾವು ಕಾಯಬೇಕಾ? ಯಂತ್ರದ ಜೊತೆ ಗಂಟಿನಲ್ಲಿ ಏನಿಡಬೇಕು ಅನ್ನೋದು ಈಗ ನಮ್ಮಂಥವರ ಕೈಲೂ ಇದೆ.

ಆ ವಿವರ ಮತ್ತೆ ಬಳಕೆದಾರರಿಗೆ ಕಾಣಬೇಕು ಅಂತ ಟಿಕೆಟ್ ಹಾಕಿದ್ದೀನಿ. ಎರಡು ಸಲ ಮುಂದಕ್ಕೆ ಹೋಗಿದೆ, ಇನ್ನೂ ಓಪನ್ ಇದೆ. ಪಾನಾ ಮಾತ್ರ ಊರಿಗೆ ತಲುಪಿದೆ. ಅಪ್ಪ ಅದನ್ನ ಧೋತ್ರದ ಗಂಟಿನಲ್ಲೇ ಇಟ್ಟಿದ್ದಾರೆ.