"ಸರ್ವರ್ ಇಲ್ಲ"

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಜಿಲ್ಲೆಯ ಒಂದು ಕಚೇರಿಗೆ, ಊರಿನ ಹೆಸರು ಬೇಡ, ಪಹಣಿಯ ಪ್ರತಿಗಾಗಿ ಹೋಗಿದ್ದೆ. ಕಿಟಕಿಯ ಆಚೆಯಿಂದ ಬಂದ ಉತ್ತರ ಎರಡೇ ಪದಗಳದು: "ಸರ್ವರ್ ಇಲ್ಲ." ನನ್ನ ಮುಂದೆ ನಿಂತಿದ್ದ ವೃದ್ಧ ರೈತರೊಬ್ಬರು, "ಊಟಕ್ಕೆ ಹೋಗವ್ರೇನಪ್ಪ? ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಸರ್ವರ್ ಎಂದರೇನೆಂದು ಯಾರಾದರೂ ನನ್ನನ್ನೇ ಕೇಳಿದ್ದರೆ, ಹೋಟೆಲಿನಲ್ಲಿ ಬಡಿಸುವವನನ್ನು ಬಿಟ್ಟು ಬೇರೆ ಅರ್ಥ ನನಗೂ ಹೊಳೆಯುತ್ತಿರಲಿಲ್ಲ. ಆ ನಗೆಯ ಋಣ ತೀರಿಸಲು ಮುಂದೆ ಕಲಿತ ನಾಲ್ಕು ಮಾತುಗಳನ್ನು ಇಂದು ತಮ್ಮ ಮುಂದಿಡುತ್ತೇನೆ.

ಹೋಟೆಲಿನ ಅರ್ಥ ತೀರ ತಪ್ಪೂ ಅಲ್ಲ. ಕೇಳಿದವರಿಗೆ ಕೇಳಿದ್ದನ್ನು ಕೊಡಲೆಂದೇ ಹಗಲಿರುಳು ಎಚ್ಚರವಾಗಿರುವ ಗಣಕಯಂತ್ರವೇ ಸರ್ವರ್. ಪಹಣಿಯ ದಾಖಲೆ ಇರುವುದು ಕಿಟಕಿಯಾಚೆಯ ಪೆಟ್ಟಿಗೆಯಲ್ಲಲ್ಲ, ಎಲ್ಲೋ ದೂರದ ಅಂಥದೊಂದು ಯಂತ್ರದಲ್ಲಿ. ಹೀಗೆ ಯಂತ್ರಗಳನ್ನು ಕೂಡಿಸುವ ಏರ್ಪಾಡು ನೆಟ್‌ವರ್ಕ್, ಅಂದರೆ ಜಾಲ. ಅಸಂಖ್ಯಾತ ಜಾಲಗಳು ಒಂದರೊಡನೊಂದು ಮಾತಾಡಲು ಒಪ್ಪಿಕೊಂಡಾಗ ಆದದ್ದು ಇಂಟರ್‌ನೆಟ್. 'ಒಪ್ಪಿಕೊಂಡಾಗ' ಎಂದು ಬೇಕೆಂದೇ ಹೇಳಿದೆ; ಆ ಒಪ್ಪಂದಕ್ಕೆ ಪ್ರೋಟೋಕಾಲ್ ಎಂದು ಹೆಸರು. ಅಮೆರಿಕದ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಅದರ ರೂಪರೇಷೆ ಪ್ರಕಟಿಸಿದರು. 1983ರ ಜನವರಿ 1ರಂದು ಅಲ್ಲಿಯ ಅರ್ಪಾನೆಟ್ ಅದನ್ನು ಜಾರಿಗೆ ತಂದಿತು. ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು.

ಜಾಲವೆಂಬುದು ಮಾತ್ರ ನಮ್ಮ ಸೀಮೆಗೆ ಅದಕ್ಕಿಂತ ಹಳೆಯದು. ಗೌರಿಬಿದನೂರಿನ ಬಳಿ 1965ರಲ್ಲಿ ಭೂಕಂಪಮಾಪಕಗಳನ್ನು ಇಂಗ್ಲಿಷಿನ 'ಎಲ್' ಅಕ್ಷರದಾಕಾರದಲ್ಲಿ ನೆಟ್ಟರು. ಭೂಕಂಪವಿರಲಿ, ದೂರದೇಶದ ಭೂಗತ ಅಣುಸ್ಫೋಟವಿರಲಿ, ನೆಲದ ನಡುಕ ಅಲ್ಲಿಂದ ಒಂದೇ ಕೇಂದ್ರಕ್ಕೆ ಸೇರುತ್ತದೆ. ಅದು ಜಾಲವೇ ಹೊರತು ಇಂಟರ್‌ನೆಟ್ ಅಲ್ಲ.

ಇನ್ನು ರೂಟರ್. ಕೆರೆಯಿಂದ ಕೆರೆಗೆ ಕೋಡಿ ಹರಿದೇ ಬದುಕಿದ ನಮ್ಮವರಿಗೆ ನೀರುಗಂಟಿಯ ಹೆಸರು ಹೇಳಿದರೆ ಸಾಕು. ಯಾವ ಕಾಲುವೆಗೆ ಬಿಡಬೇಕೆಂದು ಬಲ್ಲವನು ಅವನು. ರೂಟರಿನ ಕೆಲಸವೂ ಅದೇ. ತೂಬು ಎಷ್ಟು ಅಗಲವೋ ಅಷ್ಟು ನೀರು. ಆ ಅಗಲವೇ ಬ್ಯಾಂಡ್‌ವಿಡ್ತ್. ಆದರೆ ಈ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ನೀರಿನ ಹನಿಗೆ ತನ್ನ ಗದ್ದೆಯ ವಿಳಾಸ ಗೊತ್ತಿರುವುದಿಲ್ಲ, ಜಾಲದ ಹನಿಗೆ ಗೊತ್ತಿರುತ್ತದೆ.

ಆ ಹನಿಯೇ ಪ್ಯಾಕೆಟ್. ಚಿಂತಾಮಣಿಯಿಂದ ಗೌರಿಬಿದನೂರಿಗೆ ಒಂದು ದೀರ್ಘ ಪತ್ರ ಕಳುಹಿಸಬೇಕೆನ್ನಿ. ಅದನ್ನು ಇಪ್ಪತ್ತು ಕಾರ್ಡುಗಳಲ್ಲಿ ಬರೆದು, ಪ್ರತಿಯೊಂದಕ್ಕೂ ವಿಳಾಸವನ್ನೂ ಸಂಖ್ಯೆಯನ್ನೂ ಹಾಕಿ ಬಿಡುವುದು. ಕೆಲವು ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಹೋದಾವು. ಕೆಲವು ಬೆಂಗಳೂರು, ದೊಡ್ಡಬಳ್ಳಾಪುರ ಸುತ್ತಿಕೊಂಡು ಹೋದಾವು. ತಲುಪಿದಲ್ಲಿ ಸಂಖ್ಯೆಯ ಪ್ರಕಾರ ಜೋಡಿಸಿಕೊಳ್ಳುತ್ತಾರೆ. ಏಳನೆಯದು ಬರದಿದ್ದರೆ ಅದೊಂದನ್ನೇ ಮತ್ತೆ ತರಿಸುತ್ತಾರೆ. ಕಾರ್ಡಿನ ಮೇಲಿನ ವಿಳಾಸ ಐಪಿ ವಿಳಾಸ. ಅದು ಬರಿಯ ಅಂಕೆ. ಹಳೆಯ ಪದ್ಧತಿಯಲ್ಲಿ ಸುಮಾರು 430 ಕೋಟಿ ವಿಳಾಸಗಳಷ್ಟೇ ಸಾಧ್ಯ. ಅವು ಸಾಲದಾಗಿ ಉದ್ದವಾದ ಹೊಸ ವಿಳಾಸಗಳು ಬಂದಿವೆ. ಮನುಷ್ಯರಿಗೆ ಅಂಕೆ ನೆನಪಿರದು, ಹೆಸರು ನೆನಪಿರುತ್ತದೆ. ಹೆಸರು ಹೇಳಿದರೆ ಅಂಕೆ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ.

ಇಷ್ಟೆಲ್ಲ ನಮಗೇಕೆ ಎನ್ನಬಹುದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೂ ಇ-ಹರಾಜು ಬಂದಿದೆ. ರೀಲರುಗಳು ಮೊಬೈಲಿನಲ್ಲಿ ಬೆಲೆ ಕಟ್ಟುತ್ತಾರೆ. ಗೂಡು ಕಾಯುವ ಸರಕಲ್ಲ. ದಿನ ಕಳೆದಂತೆ ತೂಕ ಇಳಿಯುತ್ತದೆ. ತೀರ ತಡವಾದರೆ ಒಳಗಿನ ಜೀವ ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ, ಆಮೇಲೆ ಎಳೆ ಒಂದೇ ನೂಲಾಗಿ ಬಿಚ್ಚುವುದಿಲ್ಲ. ಅಂಥ ಸರಕಿನ ಮುಂದೆ ನಿಂತವರಿಗೆ "ನೆಟ್ ಇಲ್ಲ" ಎಂಬುದು ಅರ್ಧ ಉತ್ತರ. ಎಲ್ಲಿ ಇಲ್ಲ? ದೂರದ ಸರ್ವರ್ ಕೆಟ್ಟಿದೆಯೋ, ದಾರಿಯಲ್ಲಿ ತಂತಿ ತುಂಡಾಗಿದೆಯೋ, ಇಲ್ಲಿಯ ರೂಟರೇ ಮಲಗಿದೆಯೋ? ಮೊದಲನೆಯದಾದರೆ ನಮ್ಮ ಕೈಯಲ್ಲಿಲ್ಲ, ಮನೆಗೆ ಹೋಗಬಹುದು. ಮೂರನೆಯದಾದರೆ ಹೋಗಬಾರದು.

ಅಂದು ಕಚೇರಿಯಲ್ಲಿ ಮಧ್ಯಾಹ್ನದ ಮೇಲೆ ಒಬ್ಬ ಹುಡುಗ ಬಂದ. ಮೇಜಿನ ಕೆಳಗೆ ಬಗ್ಗಿ ನೋಡಿದ. ಯಾರೋ ಮೊಬೈಲ್ ಚಾರ್ಜಿಗೆ ಹಾಕಲು ರೂಟರಿನ ಪ್ಲಗ್ಗನ್ನು ಕಿತ್ತಿದ್ದರು. ಅವನು ಅದನ್ನು ಮತ್ತೆ ಸಿಕ್ಕಿಸಿದ. ಐದೇ ನಿಮಿಷದಲ್ಲಿ ನನ್ನ ಪಹಣಿ ಕೈಗೆ ಬಂತು. ಆಗ ಗಂಟೆ ಮೂರು. ಆ ಹಿರಿಯರು ಒಂದೂವರೆಯ ಬಸ್ಸಿಗೆ ಊರಿಗೆ ಹೊರಟುಹೋಗಿದ್ದರು.