ಹಿತ್ತಲ ಗಿಡವೂ ಮದ್ದೇ



ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದ ನಾವೆಲ್ಲ ಇಂದು ಒಂದೇ ಕಡೆ ಸೇರಿದ್ದೇವೆ. ಉಳಿತಾಯ, ಸಾಲದ ಮಾತು ಪ್ರತಿ ವಾರ ಇದ್ದೇ ಇರ್ತದ. ಇವತ್ತು ಮನೆಯಲ್ಲಿ ಔಷಧಿ ಗಿಡ ಬೆಳೆಸುವ ಬಗ್ಗೆ ನಾಲ್ಕು ಮಾತು ಆಡೋಣ.

'ಹಿತ್ತಲ ಗಿಡ ಮದ್ದಲ್ಲ' ಅಂತ ಗಾದೆ ಮಾತು. ಆದರೆ ಇಂದು ಹಿತ್ತಲವಾದರೂ ಎಲ್ಲಿ ಉಳಿದೈತಿ? ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರು ಹಿತ್ತಲದ ಗಿಡಗಳನ್ನೂ ಬಿಟ್ಟು ಬಂದರು. ಬನಹಟ್ಟಿಯ ನೇಕಾರರ ಮನೆಯಲ್ಲಿ ಮಗ್ಗಕ್ಕೇ ಜಾಗ ಸಾಲದು. ಜಮಖಂಡಿ, ಮುಧೋಳದಲ್ಲಿ ಹೊಲದ ಬದುವಿನ ಗಿಡಗಳ ಮೇಲೆ ಕಬ್ಬಿಗೆ ಹೊಡೆಯುವ ಕಳೆನಾಶಕ ಬೀಳುತ್ತದೆ. ಅಂಥ ಸೊಪ್ಪನ್ನು ಔಷಧಿಗೆ ತರಲೇಬಾರದು. ಆದ್ದರಿಂದ ನಮ್ಮ ಗಿಡವನ್ನು ನಾವೇ ಮನೆ ಮುಂದೆ ಬೆಳೆಸೋಣ.

ದೊಡ್ಡ ಖರ್ಚಿನ ಕೆಲಸ ಅಲ್ಲ. ಒಡೆದ ಬಕೀಟು, ಹಳೇ ಎಣ್ಣಿ ಡಬ್ಬಿ ಸಾಕು. ಆದರೆ ಕ್ರಿಮಿನಾಶಕದ ಡಬ್ಬಿ, ನೂಲಿಗೆ ಹಾಕುವ ಬಣ್ಣದ ಡಬ್ಬಿ ಬ್ಯಾಡ. ತಳಕ್ಕೆ ನಾಲ್ಕು ತೂತು ಹಾಕಿರಿ. ನಮ್ಮ ಎರಿ ಮಣ್ಣು ನೀರು ಹಿಡಿದುಕೊಂಡು ಬೇರು ಕೊಳೆಸುತ್ತದೆ. ಮಣ್ಣು, ಉಸುಕು, ತಿಪ್ಪೆಯ ಹಳೇ ಗೊಬ್ಬರ ಸಮ ಸಮ ಬೆರೆಸಿರಿ. ಬೆಳ್ಳಗೆ ಉಪ್ಪು ಏಳುವ ಸವಳು ಮಣ್ಣು ತರಬೇಡಿರಿ. ಡಬ್ಬಿ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗ್ಯೂ ಸೊಳ್ಳೆ ಹುಟ್ಟುತ್ತದೆ, ವಾರಕ್ಕೊಮ್ಮೆ ಚೆಲ್ಲಿ ಒರೆಸಿರಿ.

ಮೊದಲಿಗೆ ನಾಲ್ಕೇ ಗಿಡ ಸಾಕು.

ತುಳಸಿ: ಬಿಸಿಲಿರುವ ಕಡೆ ಇಡಿರಿ. ನೆಗಡಿ, ಗಂಟಲು ಕೆರೆತಕ್ಕೆ ನಾಲ್ಕು ಎಲಿ ಕುದಿಸಿ ಕುಡಿಯಬಹುದು.

ದೊಡ್ಡಪತ್ರೆ: ಒಂದು ಟೊಂಗೆ ಚುಚ್ಚಿದರೆ ಬೇರು ಬಿಡುತ್ತದೆ. ಭಜಿ, ಚಟ್ನಿ ಮಾಡಿದರೆ ಮಕ್ಕಳೂ ತಿಂತಾವ. ಕೂಸಿಗೆ ವರ್ಷ ತುಂಬುವ ತನಕ ಯಾವ ರಸದ ಜೊತೆಗೂ ಜೇನು ನೆಕ್ಕಿಸಬಾರದು.

ಲೋಳಸರ: ನೀರು ಕಡಿಮೆ ಸಾಕು. ರೊಟ್ಟಿ ಹಂಚಿಗೆ ಕೈ ಸುಟ್ಟರೆ ಮೊದಲು 20 ನಿಮಿಷ ತಣ್ಣೀರು ಹರಿಸಿರಿ, ಆಮೇಲೆ ಒಳಗಿನ ಲೋಳೆ ಹಚ್ಚಿರಿ. ಸಿಪ್ಪೆಯಿಂದ ಸೋರುವ ಹಳದಿ ರಸ ಭೇದಿ ತರುತ್ತದೆ, ಹೊಟ್ಟೆಗೆ ತಗೋಬಾರದು.

ಆಡುಸೋಗೆ: ಇದನ್ನು ಆಡು-ಕುರಿ ಮುಟ್ಟುವುದಿಲ್ಲ, ಬೇಲಿಗೆ ಹಚ್ಚಬಹುದು. ಅಂಗಡಿಯಲ್ಲಿ ಮಾರುವ ಕೆಲವು ಕೆಮ್ಮಿನ ಔಷಧಿಗಳಲ್ಲಿ ಇರುವ ಬ್ರೋಮ್‌ಹೆಕ್ಸಿನ್ ಈ ಗಿಡದ ಸತ್ವದ ಆಧಾರದ ಮೇಲೆ ತಯಾರಾದದ್ದು. ಅಷ್ಟು ಗುಣ ಇದ್ದದ್ದಕ್ಕೇ ಎಚ್ಚರವೂ ಬೇಕು: ಇದು ಗರ್ಭಕೋಶವನ್ನು ಕೆರಳಿಸಬಹುದು, ಬಸುರಿಯರು ಕುಡಿಯಬಾರದು.

'ಗಿಡಮೂಲಿಕೆ ಅಲ್ಲೇನು, ಏನೂ ಆಗೂದಿಲ್ಲ' ಎನ್ನುವ ಮಾತು ತಪ್ಪು. ಕೊರೋನಾ ಕಾಲದಲ್ಲಿ ಬಹಳ ಮಂದಿ ಅಮೃತಬಳ್ಳಿ ಕಷಾಯ ಕುಡಿದರು. ಅದನ್ನು ಕುಡಿದ ಕೆಲವರ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಸಕ್ಕರೆ ಕಾಯಿಲೆ, ಬಿಪಿ ಗುಳಿಗಿ ತಗೊಳ್ಳುವವರು ಡಾಕ್ಟರರನ್ನು ಕೇಳದೆ ಕಷಾಯ ದಿನಾ ಕುಡಿಯಬೇಡಿರಿ. ಗುಳಿಗಿಯನ್ನಂತೂ ಬಿಡಲೇಬೇಡಿರಿ.

ನಮ್ಮ ಸಂಘದ ಅಕ್ಕ ಒಬ್ಬರು ಕೆಮ್ಮು ಬಂದಾಗ 'ಮಗ್ಗದ ಧೂಳು' ಅಂದುಕೊಂಡು ಎರಡು ತಿಂಗಳು ಬರೀ ಕಷಾಯ ಕುಡಿದರು. ಮೈ ಇಳಿದು ಹೋಯಿತು. ಕೊನೆಗೆ ನಾವೇ ಕೈಹಿಡಿದು ಕರಕೊಂಡು ಹೋಗಿ ಕಫ ಪರೀಕ್ಷೆ ಮಾಡಿಸಿದಾಗ ಕ್ಷಯ ಎಂದು ತಿಳಿಯಿತು. ಆರು ತಿಂಗಳು ತಪ್ಪದೆ ಗುಳಿಗಿ ನುಂಗಿ ಆರಾಮಾದರು. ಆದರೆ ಆ ಎರಡು ತಿಂಗಳು ಮನೆಯ ಮಕ್ಕಳೂ ಅದೇ ಗಾಳಿ ಕುಡಿದಿದ್ದರು. ಅವರನ್ನೂ ಪರೀಕ್ಷೆ ಮಾಡಿಸಬೇಕಾಯಿತು. ಆದ್ದರಿಂದ ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯೇ ದಾರಿ, ಅಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಕಬ್ಬಿನ ಹೊಲದಲ್ಲಿ ಹಾವು ಕಡಿದರೆ ಯಾವ ಬೇರೂ ಅರೆಯಬೇಡಿರಿ, 108ಕ್ಕೆ ಫೋನ್ ಮಾಡಿರಿ. ಜ್ವರ, ಕಾಮಾಲೆಗೂ ತಡ ಮಾಡಬೇಡಿರಿ.

ಈಗ ಒಂದು ಕೆಲಸ ಹಂಚಿಕೊಳ್ಳೋಣ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಟೊಂಗೆ ಅಥವಾ ಒಂದು ಸಸಿ ತರೋಣ. ಹೆಸರು ಗೊತ್ತಿಲ್ಲದ ಗಿಡ ಇದ್ದರೆ ತಿಳಿದವರಿಗೆ ತೋರಿಸಿಯೇ ಬಳಸೋಣ. ಯಾರ ಮನೆಗೆ ಯಾವ ಗಿಡ ಹೋಯಿತು ಅಂತ ಠರಾವು ಪುಸ್ತಕದಲ್ಲಿ ಬರೆಯೋಣ. ಒಬ್ಬರ ಗಿಡ ಒಣಗಿದರೆ ಇನ್ನೊಬ್ಬರು ಕೊಡೋಣ. ಸಣ್ಣ ಬ್ಯಾನಿಗೆ ಅಂಗಳದ ಗಿಡ, ದೊಡ್ಡ ಬ್ಯಾನಿಗೆ ದವಾಖಾನಿ. ಇದನ್ನು ನಾವೂ ನೆನಪಿಡೋಣ, ಸೊಸೆ-ಮಗಳಿಗೂ ಹೇಳೋಣ.